ದಂಡಿನ ದಾದಿಯರು: ಹೊಣೆಯೂ ಅಧಿಕಾರವೂ

ದೊಮ್ಮಲೂರು ಬಹು ಪುರಾತನವಾದ ಊರು. ಇಲ್ಲಿಯ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಇದಕ್ಕೆ ತೊಂಬಲೂರೆಂದೂ ದೇಶಿಮಾಣಿಕ್ಯಪಟ್ಟಣವೆಂದೂ ಹೆಸರುಂಟು. ಕ್ರಿ. ಶ. 1809ರಲ್ಲಿ ಆಂಗ್ಲರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟುಬಂದು ಹಲಸೂರಿನ ಬಳಿ ನೆಲೆಗೊಂಡ ಮೇಲೆ ಈ ಊರು ದಂಡಿನ ನೆರೆಯದಾಯಿತು. ವಾಯುಸೇನೆಯ ಕಮಾಂಡ್ ಆಸ್ಪತ್ರೆಯೂ ಅದರ ಶುಶ್ರೂಷಾ ಕಾಲೇಜೂ ಈಗ ಇದರ ಸಮೀಪದಲ್ಲಿಯೇ ಇವೆ. ಅಲ್ಲಿ ಶುಶ್ರೂಷೆಯನ್ನೂ ಪ್ರಸೂತಿವಿದ್ಯೆಯನ್ನೂ ಕಲಿತ ಹೆಣ್ಣುಮಕ್ಕಳು ಅಧಿಕಾರಿಗಳಾಗಿ ಸೈನ್ಯವನ್ನು ಸೇರುತ್ತಾರೆ. ಈ ಪದವಿಯು ಅವರ ವೃತ್ತಿಗೆ ದೊರೆತ ಬಗೆಯು ವಿಚಾರಾರ್ಹವಾಗಿದೆ.

ಹಿಂದೂದೇಶದ ಸೈನ್ಯದ ಆರೋಗ್ಯಸ್ಥಿತಿಯನ್ನು ಕುರಿತ ರಾಯಲ್ ಕಮಿಷನ್ನಿನ ವರದಿಯು 1863ರಲ್ಲಿ ಪ್ರಕಟವಾಯಿತು. ಇದಕ್ಕಾಗಿ ಬಹಳವಾಗಿ ದುಡಿದ ಫ್ಲಾರೆನ್ಸ್ ನೈಟಿಂಗೇಲಳು ಈ ದೇಶವನ್ನು ಕಣ್ಣಾರೆ ಕಂಡವಳಲ್ಲ. ವರದಿ ಬಂದು ಇಪ್ಪತ್ತೈದು ವರ್ಷಗಳಾದ ತರುವಾಯ, 1888ರಲ್ಲಿ, ಹತ್ತು ಮಂದಿ ದಾದಿಯರು ಮುಂಬಯಿಗೆ ಬಂದಿಳಿದರು. ಲಂಡನ್ನಿನ ಸಂತ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಕೆಲಸಮಾಡಿದ್ದ ಕ್ಯಾಥರಿನ್ ಗ್ರೇಸ್ ಲಾಕ್ ಎಂಬಾಕೆಯು ಒಂದು ತಂಡದೊಡನೆ ರಾವಲ್ಪಿಂಡಿಗೆ ಹೋದಳು. ಮತ್ತೊಂದು ತಂಡವು ಬೆಂಗಳೂರಿನ ದಂಡಿಗೆ ಬಂದಿತು.

ಅದುವರೆಗೆ ರೋಗಿಗಳ ಆರೈಕೆಯು ದಳಗಳಿಂದ ನೇಮಿಸಿ ಕಳುಹಿಸಿದ ಸಿಪಾಯಿಗಳ ಪಾಲಿಗಿತ್ತು. ದಾದಿಯರು ಬಂದ ಮೇಲೂ ಆ ಪರಿಚಾರಕರು ತಮ್ಮ ತಮ್ಮ ದಳಗಳಿಗೇ ಸೇರಿದವರಾಗಿದ್ದರು. ಕೆಲಸವನ್ನು ಕಲಿಯುವಷ್ಟರಲ್ಲಿ ಅವರನ್ನು ಹಿಂದಕ್ಕೆ ಕರೆಸಿಕೊಳ್ಳಬಹುದಾಗಿತ್ತು. ರಾತ್ರಿ ಜ್ವರದ ರೋಗಿಗೆ ಔಷಧವು ತಪ್ಪಿದರೆ ಆ ಹೊಣೆಯು ದಾದಿಯದು. ತಪ್ಪಿದವನನ್ನು ಶಿಕ್ಷಿಸುವ ಅಧಿಕಾರವು ಬೇರೊಬ್ಬರದು. ಆದುದರಿಂದ ಮೇಲ್ವಿಚಾರಕಿಯು ತನ್ನ ವಿದ್ಯೆಯಿಂದಲೂ ನಡತೆಯಿಂದಲೂ ಮಾತ್ರವೇ ನಾಯಕತ್ವವನ್ನು ನಡೆಸಬೇಕಾಯಿತು.

ಇದಕ್ಕಿಂತಲೂ ದೊಡ್ಡದಾದ ಕೊರತೆ ಇನ್ನೊಂದುಂಟು. ಈ ದಾದಿಯರ ಆರೈಕೆಯು ಬಿಳಿಯ ಸೈನಿಕರಿಗಾಗಿ ಏರ್ಪಟ್ಟುದು. ದೇಶೀಯ ಸಿಪಾಯಿಯು ತನ್ನ ದಳದ ಚಿಕ್ಕ ಆಸ್ಪತ್ರೆಯಲ್ಲಿಯೇ ಮಲಗಬೇಕಾಗಿತ್ತು. ಅವನಿಗಾಗಿ ಸ್ಟೇಷನ್ ಆಸ್ಪತ್ರೆಗಳ ಏರ್ಪಾಡು ಮಂಜೂರಾದುದು 1918ರಲ್ಲಿ. ರೋಗಿಗಳಲ್ಲಿ ಭೇದವೆಣಿಸಬಾರದೆಂಬುದು ವೃತ್ತಿಧರ್ಮದ ಮೊದಲ ಮಾತು. ಆದರೆ ಯಾವ ರೋಗಿಯ ಬಳಿಗೆ ಹೋಗಬೇಕೆಂಬುದನ್ನು ಗೊತ್ತುಮಾಡುವವರು ದಾದಿಯರಾಗಿರಲಿಲ್ಲ.

1914ರ ಯುದ್ಧಕಾಲದಲ್ಲಿ ಭಾರತೀಯ ದಾದಿಯರನ್ನು ಸೇರಿಸಿಕೊಳ್ಳಲು ಮೊದಲಾಯಿತು. 1926ನೆಯ ಅಕ್ಟೋಬರ್ 1ರಂದು ಭಾರತೀಯ ಸೈನಿಕ ಶುಶ್ರೂಷಾ ಸೇವೆಯು ಸ್ಥಾಪಿತವಾಯಿತು. 1943ರ ಶಾಸನವು ಅದರ ಸದಸ್ಯೆಯರಿಗೆ ಅಧಿಕಾರಿಪದವಿಯನ್ನು ಕೊಟ್ಟಿತು. 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯು ದಾದಿಯರ ಮತ್ತು ಸೂಲಗಿತ್ತಿಯರ ಶಿಕ್ಷಣಕ್ಕೆ ದೇಶಕ್ಕೆಲ್ಲ ಒಂದೇ ಮಟ್ಟವನ್ನು ಗೊತ್ತುಮಾಡಲು ದಾರಿಯಾಯಿತು.

ಪದವಿ ಬಂದ ಮಾತ್ರಕ್ಕೆ ನ್ಯಾಯವು ಪೂರ್ಣವಾಗಲಿಲ್ಲ. 1977ರ ಒಂದು ಸೈನಿಕ ಆಜ್ಞೆಯ ಪ್ರಕಾರ ಮದುವೆಯಾದ ದಾದಿಯನ್ನು ಕೆಲಸದಿಂದ ತೆಗೆಯಬಹುದಾಗಿತ್ತು. 1995ರಲ್ಲಿ ಅದು ರದ್ದಾಯಿತು. ಅದಕ್ಕೆ ಮುಂಚೆ, 1988ರಲ್ಲಿ, ಹಾಗೆ ಕೆಲಸ ಕಳೆದುಕೊಂಡಿದ್ದ ಒಬ್ಬ ಅಧಿಕಾರಿಣಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಆ ನಿಯಮವನ್ನು ಲಿಂಗಭೇದವೆಂದು ಖಂಡಿಸಿ, 60 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿತು.

ವೃತ್ತಿಧರ್ಮವೆಂದರೆ ದಾದಿಯು ರೋಗಿಗೆ ಸಲ್ಲಿಸಬೇಕಾದ ಕರ್ತವ್ಯವೆಂದೇ ಸಾಮಾನ್ಯವಾದ ತಿಳಿವಳಿಕೆ. ದಂಡಿನ ಈ ಚರಿತ್ರೆಯು ಅದರ ಇನ್ನೊಂದು ಮುಖವನ್ನು ತೋರಿಸುತ್ತದೆ: ಹೊಣೆಯನ್ನು ಹೊರಿಸಿದವರು ಅದಕ್ಕೆ ತಕ್ಕ ಅಧಿಕಾರವನ್ನೂ ಗೌರವವನ್ನೂ ಕೊಡತಕ್ಕದ್ದು. ಇಲ್ಲಿ ಹೊಣೆಯು 1888ರಲ್ಲಿಯೇ ಬಂದಿತು. ಉಳಿದುದು ಬರುವುದಕ್ಕೆ ನೂರು ವರ್ಷಗಳೂ ಸಾಲದೆ ಹೋದುವು.