ನಾಟಕ ಕಂಪನಿಯ ಗವಾಯಿಗಳು



೨೦೧೦ರ ಸೆಪ್ಟೆಂಬರ್ ೧೭ರಂದು ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದ ಸುದ್ದಿ ತಿಳಿದು, ನಮ್ಮ ಕಮರಿಪೇಟೆಯ ಓಣಿಯಿಂದಲೂ ಜನ ಅಂತಿಮ ದರ್ಶನಕ್ಕೆ ಹೊರಟರು. ಹುಬ್ಬಳ್ಳಿಯಿಂದ ಗದಗ ಸುಮಾರು ೬೦ ಕಿ.ಮೀ. ನಾನು ಓದಿದ ಶ್ರದ್ಧಾಂಜಲಿಗಳು ಅವರನ್ನು ಗಾಯಕರೆಂದು, ತ್ರಿಭಾಷಾ ಕವಿಗಳೆಂದು, ಅದೇ ವರ್ಷ ಪದ್ಮಭೂಷಣ ಪಡೆದವರೆಂದು ಕೊಂಡಾಡಿದವು. ನಾಟಕದ ಮಾತು ಮಾತ್ರ ಒಂದೆರಡು ಸಾಲಿಗೆ ಮುಗಿಯಿತು. ಇದು ನನಗೆ ಸರಿಯೆನಿಸಲಿಲ್ಲ.

೧೯೧೪ರಲ್ಲಿ ದೇವಗಿರಿಯಲ್ಲಿ ಜನಿಸಿ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಅವರು, ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳ ಆಸರೆಯಲ್ಲಿ ಬೆಳೆದರು. ೧೯೪೪ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮದ ಅಂಧ, ಅನಾಥ ಮಕ್ಕಳ ಊಟ ಮತ್ತು ಪಾಠದ ಹೊಣೆ ಮೂವತ್ತರ ಶಿಷ್ಯನ ಹೆಗಲಿಗೆ ಬಂದಿತು. ಆ ಹೊಣೆ ಹೊರಲು ನೆರವಾದದ್ದು ಆಶ್ರಮದ ನಾಟಕ ಕಂಪನಿ. ಗವಾಯಿಗಳೇ ನಾಟಕ ರಚಿಸಿದರು, ಹಾಡುಗಳಿಗೆ ರಾಗ ಕೂಡಿಸಿದರು, ಕಲಿಸಿದರು. ಊರೂರಿನ ಪ್ರೇಕ್ಷಕರು ಕೊಟ್ಟ ಟಿಕೇಟಿನ ಹಣ ಮಕ್ಕಳ ತಟ್ಟೆಯ ರೊಟ್ಟಿಯಾಯಿತು.

ರಂಗಗೀತೆಯೆಂದರೆ ಮೂಗು ಮುರಿಯುವ ಸಂಗೀತಪ್ರಿಯರು ನಮ್ಮಲ್ಲಿ ಈಗಲೂ ಇದ್ದಾರೆ. (ನಮ್ಮ ಬಳಗದಲ್ಲಿಯೂ ಉಂಟು, ಹೆಸರು ಬೇಡ!) ಬೈಠಕ್ಕಿನಲ್ಲಿ ಗಾಯಕನು ಒಂದೇ ರಾಗವನ್ನು ತಾಸುಗಟ್ಟಲೆ ವಿಸ್ತರಿಸಬಹುದು. ರಂಗದ ಮೇಲಾದರೋ, ಪಾತ್ರದ ದುಃಖ ಆರುವ ಮೊದಲೇ, ನಾಲ್ಕು ಸಾಲಿನಲ್ಲಿ ಆ ರಾಗ ಮೂಡಬೇಕು. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಸ್ಪಷ್ಟವಾಗಿ ಕೇಳಬೇಕು. ಇದು ಸಣ್ಣ ವಿದ್ಯೆಯೇ? ಕಣ್ಣಿಲ್ಲದ ಗುರುಗಳು ಇದನ್ನು ಕಿವಿಯಿಂದಲೇ ಅಳೆದು, ಎಳೆಯರಿಗೆ ಕಲಿಸಿದರು.

ಅವರ ಗದ್ದುಗೆ ಆಶ್ರಮದಲ್ಲಿಯೇ ಇದೆ. ಗದಗಿಗೆ ಹೋದವರು ಕೈಮುಗಿದು ಒಡನೆ ಹೊರಡಬೇಡಿರಿ. ಸಂಗೀತ ಪಾಠ ನಡೆದಿದ್ದರೆ ಒಂದು ಗಳಿಗೆ ಕುಳಿತು ಕೇಳಿರಿ.