ಸೂಲಗಿತ್ತಿಯಿಂದ ಸ್ವಯಂಸೇವಕಿಯವರೆಗೆ: ಒಮಾನಿನಲ್ಲಿ ತಾಯಿ-ಮಕ್ಕಳ ಆರೈಕೆ

ಒಮಾನಿನಲ್ಲಿ 1970ರವರೆಗೂ ಹೆರಿಗೆಯೆಂದರೆ ಮನೆಯೊಳಗೆ, ಹೆಂಗಸರ ನಡುವೆಯೇ ಮುಗಿಯುತ್ತಿದ್ದ ಸಂಗತಿ. ಬಾತಿನಾ ಕರಾವಳಿಯ ಖರ್ಜೂರದ ತೋಟಗಳಲ್ಲಾಗಲಿ, ಜಬಲ್ ಅಖ್ದರ್ ಬೆಟ್ಟದ ಹಳ್ಳಿಗಳಲ್ಲಾಗಲಿ, ದೋಫಾರಿನ ದನಗಾಹಿಗಳ ಬಿಡಾರಗಳಲ್ಲಾಗಲಿ ಬಸುರಿಯ ಹತ್ತಿರ ಇರುತ್ತಿದ್ದವರು ತಾಯಿ, ಅತ್ತೆ, ನೆರೆಮನೆಯವರು ಮತ್ತು ಕೈಪಳಗಿದ ಸೂಲಗಿತ್ತಿ. ಹೆರಿಗೆಯಾದ ಮೇಲೆ ನಲವತ್ತು ದಿನ ಬಾಣಂತಿಗೆ ವಿಶ್ರಾಂತಿ. ಮೆಂತ್ಯ, ತುಪ್ಪ, ಜೇನು, ಖರ್ಜೂರ ಸೇರಿದ ಆಹಾರ ಕೊಡುತ್ತಿದ್ದರು. ಕರ್ನಾಟಕದ ಬಾಣಂತನ ಕಂಡವರಿಗೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ.

ಆದರೆ ರೂಢಿಯಲ್ಲಿದ್ದ ಉಪಚಾರಗಳಲ್ಲಿ ಕೆಲವು ಜೀವಕ್ಕೇ ಎರವಾಗುತ್ತಿದ್ದವು. ಹೆರಿಗೆಯ ನಂತರ ಯೋನಿಮಾರ್ಗ ಬಿಗಿಯಾಗಲೆಂದು ಕಲ್ಲುಪ್ಪಿನ ಗಂಟನ್ನು ಒಳಗಿಡುವ ಪದ್ಧತಿ ಪೂರ್ವ ಅರೇಬಿಯಾದ ಹಲವೆಡೆ ಇತ್ತು. ಉಪ್ಪು ಸುಟ್ಟ ಜಾಗ ಗಾಯವಾಗಿ, ಮಾಯುವಾಗ ಗಡುಸು ಕಲೆ ಕಟ್ಟಿ, ದಾರಿ ಕಿರಿದಾಗುತ್ತಿತ್ತು. ಮುಂದಿನ ಹೆರಿಗೆಯಲ್ಲಿ ಕೂಸು ಹೊರಬರಲಾಗದೆ ದಿನಗಟ್ಟಲೆ ನೋವು ತಿಂದು ತಾಯಿಯೂ ಮಗುವೂ ಸಾಯುವುದಿತ್ತು. ಕಾಯಿಲೆಬಿದ್ದ ಮಕ್ಕಳಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಎಳೆಗೂಸಿನ ಕಣ್ಣಿಗೆ ಹಚ್ಚುವ ಕಾಡಿಗೆಯ ಕೆಲವು ಬಗೆಗಳಲ್ಲಿ ಸೀಸದ ಅಂಶವಿತ್ತು. ಇದರ ಜೊತೆಗೆ ಮಲೇರಿಯಾ, ಟ್ರಕೋಮಾ ಎಂಬ ಕಣ್ಣಿನ ಸೋಂಕು, ವಾಂತಿಭೇದಿ.

ಆಧುನಿಕ ವೈದ್ಯಕೀಯ ಇಲ್ಲಿಗೆ ಬಂದದ್ದು ಅಮೆರಿಕದ ರಿಫಾರ್ಮ್ಡ್ ಚರ್ಚಿನ ಅರೇಬಿಯನ್ ಮಿಷನ್ ಮೂಲಕ. 1893ರಲ್ಲಿ ಮಸ್ಕತ್‌ಗೆ ಬಂದ ಪೀಟರ್ ಜ್ವೇಮರ್ ವೈದ್ಯರಲ್ಲ. ಗುಲಾಮರ ಹಡಗಿನಿಂದ ಬಿಡಿಸಿ ತಂದ ಆಫ್ರಿಕದ ಹುಡುಗರಿಗೆ ಅವರು ಶಾಲೆ ನಡೆಸಿದರು. 1909ರಲ್ಲಿ ಡಾ. ಶರನ್ ಥಾಮ್ಸ್ ಮಸ್ಕತ್‌ನ ಪಕ್ಕದ ಬಂದರು ಮತ್ರಾದಲ್ಲಿ ಚಿಕಿತ್ಸೆ ಆರಂಭಿಸಿದರು. ಟೆಲಿಫೋನ್ ತಂತಿ ಎಳೆಯುವಾಗ ಕಂಬದಿಂದ ಬಿದ್ದು ಅವರು 1913ರಲ್ಲಿ ತೀರಿಕೊಂಡರು. ಮಗ ವೆಲ್ಸ್ ಥಾಮ್ಸ್ 1939ರಲ್ಲಿ ಅದೇ ಊರಿಗೆ ವೈದ್ಯರಾಗಿ ಬಂದು ಮೂರು ದಶಕ ದುಡಿದರು.

ಗಂಡಸು ಎಷ್ಟೇ ಒಳ್ಳೆಯ ವೈದ್ಯನಾದರೂ ಹೆರಿಗೆ ಕೋಣೆಗೆ ಅವನಿಗೆ ಸುಲಭದಲ್ಲಿ ಪ್ರವೇಶವಿರಲಿಲ್ಲ. ಈ ಕೊರತೆಯನ್ನು ಮೊದಲು ತುಂಬಿದವರು ಡಾ. ಸಾರಾ ಹಾಸ್ಮನ್. ಚಿಕ್ಕಂದಿನಲ್ಲೇ ಒಂದು ಕಾಲು ಕಳೆದುಕೊಂಡು ಮರದ ಕಾಲಿನಲ್ಲಿ ನಡೆಯುತ್ತಿದ್ದ ಈಕೆ 1913ರ ಸುಮಾರಿಗೆ ಮಸ್ಕತ್‌ನಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿಯೇ ದವಾಖಾನೆ ನಡೆಸತೊಡಗಿದರು. ಮುಂದೆ ಮಿಷನ್ ಬಿಟ್ಟು, ಬಾತಿನಾ ಕರಾವಳಿಯ ಸಹಮ್ ಎಂಬ ಊರಿನಲ್ಲಿ ಒಬ್ಬರೇ ಕೆಲಸ ಮಾಡಿದರು. 1950ರ ದಶಕದಲ್ಲಿ ಶಾರ್ಜಾಕ್ಕೆ ಹೋದರು. ಮಸ್ಕತ್‌ನಲ್ಲಿ ಮಿಷನ್ನಿನ ದಾದಿಯರು ಹೆಂಗಸರ ಆಸ್ಪತ್ರೆಯನ್ನು ಮುಂದುವರಿಸಿದರು.

ಇಷ್ಟಾದರೂ ಈ ಸೇವೆ ರಾಜಧಾನಿಯ ಆಚೆಗೆ ಹೆಚ್ಚು ತಲುಪಲಿಲ್ಲ. ಸುಲ್ತಾನ್ ಸಯೀದ್ ಬಿನ್ ತೈಮೂರರ ಕಾಲದಲ್ಲಿ ಸೂರ್ಯಾಸ್ತವಾಗಿ ಮೂರು ಗಂಟೆಗೆ ಮಸ್ಕತ್ ಕೋಟೆಯ ಬಾಗಿಲುಗಳನ್ನು ಮುಚ್ಚುತ್ತಿದ್ದರು. ಆಮೇಲೆ ಬೀದಿಗಿಳಿಯುವವರು ಕೈಯಲ್ಲಿ ಲಾಂದ್ರ ಹಿಡಿಯಲೇಬೇಕಿತ್ತು. ದೇಶದಲ್ಲಿ ಡಾಂಬರು ರಸ್ತೆ ಇದ್ದದ್ದು ಹತ್ತು ಕಿಲೋಮೀಟರ್ ಆಸುಪಾಸು. ಒಳನಾಡಿನಲ್ಲಿ ಹೆರಿಗೆ ಕಷ್ಟವಾದರೆ ಕತ್ತೆ, ಒಂಟೆಯ ಮೇಲೆ ದಿನಗಟ್ಟಲೆ ಪ್ರಯಾಣ ಮಾಡಬೇಕಿತ್ತು.

1970ರ ಜುಲೈ 23ರಂದು ಖಾಬೂಸ್ ಬಿನ್ ಸಯೀದ್ ಅಧಿಕಾರಕ್ಕೆ ಬಂದ ಮೇಲೆ ಚಿತ್ರ ಬದಲಾಯಿತು. ತೈಲದ ಹಣ ರಸ್ತೆ, ಶಾಲೆ, ಆಸ್ಪತ್ರೆಗಳತ್ತ ಹರಿಯಿತು. ಆರೋಗ್ಯ ಸಚಿವಾಲಯ ಅದೇ ವರ್ಷ ಹುಟ್ಟಿತು. ಮಿಷನ್ ಆಸ್ಪತ್ರೆಗಳು ಕೆಲವೇ ವರ್ಷಗಳಲ್ಲಿ ಸರ್ಕಾರದ ಕೈಸೇರಿದವು. ಆಗ ಸಾವಿರ ಜೀವಂತ ಜನನಗಳಲ್ಲಿ ಸುಮಾರು 118 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ದೇಶದಲ್ಲಿದ್ದ ವೈದ್ಯರನ್ನು ಬೆರಳೆಣಿಕೆಯಲ್ಲಿ ಹೇಳಬಹುದಿತ್ತು. ಹೊಸ ಆಸ್ಪತ್ರೆಗಳಿಗೆ ಭಾರತ, ಪಾಕಿಸ್ತಾನ, ಈಜಿಪ್ಟ್ ಮೊದಲಾದ ದೇಶಗಳಿಂದ ವೈದ್ಯರು, ದಾದಿಯರು ಬಂದರು. ಕೇರಳದವರೊಂದಿಗೆ ಮಂಗಳೂರು, ಉಡುಪಿ ಕಡೆಯ ದಾದಿಯರೂ ಒಮಾನಿನ ಹೆರಿಗೆ ವಾರ್ಡುಗಳಲ್ಲಿ ದುಡಿದರು.

ಇನ್ನೊಂದು ಗುಂಪು ಆಫ್ರಿಕದಿಂದ ಬಂತು. ಜಾಂಜಿಬಾರ್ ದೀರ್ಘಕಾಲ ಒಮಾನಿ ಮನೆತನದ ಆಳ್ವಿಕೆಯಲ್ಲಿತ್ತು. 1964ರ ಕ್ರಾಂತಿಯಲ್ಲಿ ಅಲ್ಲಿಂದ ಚದುರಿದ ಒಮಾನಿ ಮೂಲದ ಕುಟುಂಬಗಳಲ್ಲಿ ಅನೇಕವು 1970ರ ನಂತರ ಹಿಂದಿರುಗಿದವು. ಅಲ್ಲಿ ಇಂಗ್ಲಿಷ್ ಶಾಲೆಗಳಲ್ಲಿ ಓದಿದ್ದ ಹೆಣ್ಣುಮಕ್ಕಳಿಗೆ ಒಮಾನಿನ ಶಾಲೆ, ಕಚೇರಿ, ಆಸ್ಪತ್ರೆಗಳಲ್ಲಿ ಕೂಡಲೇ ಕೆಲಸ ಸಿಕ್ಕಿತು. ಪರದೇಶದ ದಾದಿಗೂ ಒಳನಾಡಿನ ತಾಯಿಗೂ ಮಾತು ಹೊಂದದ ಕಾಲದಲ್ಲಿ ಇಂಥವರ ನೆರವು ದೊಡ್ಡದು. ಇದೇ ದಶಕದ ಆರಂಭದಲ್ಲಿ ಮಸ್ಕತ್‌ನಲ್ಲಿ ಒಮಾನಿ ಮಹಿಳಾ ಸಂಘ ಹುಟ್ಟಿತು. ಅದರ ಶಾಖೆಗಳು ಕ್ರಮೇಣ ಹಲವು ವಿಲಾಯತ್‌ಗಳಿಗೆ, ಎಂದರೆ ತಾಲೂಕುಗಳಿಗೆ, ಹರಡಿದವು. ಅಕ್ಷರ ಕಲಿಕೆ, ಹೊಲಿಗೆ, ಶಿಶುಪಾಲನೆ, ಶುಚಿತ್ವದ ಪಾಠ ಅಲ್ಲಿ ನಡೆಯುತ್ತಿದ್ದವು. ಹೆಂಗಸರು ಸಂಬಳವಿಲ್ಲದೆ ಊರಿನ ಕೆಲಸಕ್ಕೆ ಕೂಡುವ ರೂಢಿಗೆ ಸಂಘಟನೆಯ ರೂಪ ಬಂದದ್ದು ಇಲ್ಲಿಂದ.

1981ರಲ್ಲಿ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮ ಆರಂಭವಾಯಿತು. ದಶಕ ಮುಗಿಯುವ ಮೊದಲೇ ಅದಕ್ಕೆ ಕಠಿಣ ಪರೀಕ್ಷೆ ಎದುರಾಯಿತು. 1988ರ ಜನವರಿಯಿಂದ 1989ರ ಮಾರ್ಚ್‌ವರೆಗೆ 118 ಮಂದಿಗೆ ಪೋಲಿಯೊ ಬಡಿಯಿತು. ಎರಡು ವರ್ಷದೊಳಗಿನ ಮಕ್ಕಳೇ ಹೆಚ್ಚಾಗಿ ತುತ್ತಾದರು. ಮೂರು ಬಾರಿ ಹನಿ ಹಾಕಿಸಿಕೊಂಡ ಒಂದು ವರ್ಷದ ಮಕ್ಕಳ ಪ್ರಮಾಣ ಶೇ. 67ರಿಂದ 87ಕ್ಕೆ ಏರಿದ್ದ ಹೊತ್ತಿನಲ್ಲೇ ಇದು ನಡೆದದ್ದು ತಜ್ಞರನ್ನು ಚಿಂತೆಗೆ ಹಚ್ಚಿತು. ಲಸಿಕೆಯ ಪ್ರಮಾಣ ಒಳ್ಳೆಯದಿದ್ದರೂ ಸೋಂಕು ಹರಡಬಲ್ಲದು ಎಂಬುದನ್ನು ಈ ಪ್ರಕರಣ ತೋರಿಸಿತು. ಮಲೇರಿಯಾ ಕೂಡ ಆಗ ಗರ್ಭಿಣಿಯರಿಗೂ ಮಕ್ಕಳಿಗೂ ದೊಡ್ಡ ಕಂಟಕವಾಗಿತ್ತು. 1990ರಲ್ಲಿ ಸುಮಾರು 33 ಸಾವಿರ ಪ್ರಕರಣಗಳಿದ್ದವು. 1991ರಿಂದ ನಡೆದ ನಿರ್ಮೂಲನ ಕಾರ್ಯಕ್ರಮ ಅದನ್ನು ತೀರಾ ಕೆಳಗಿಳಿಸಿತು.

ಆ ವೇಳೆಗೆ ಕಟ್ಟಡ, ಔಷಧ, ಸಿಬ್ಬಂದಿ ಎಲ್ಲವೂ ಇದ್ದವು, ಚಿಕಿತ್ಸೆಯೂ ಉಚಿತ. ಉಳಿದಿದ್ದ ತೊಡಕುಗಳು ಮನೆಯೊಳಗಿನವು. ಬಸುರಿಯರು ತಡವಾಗಿ ಹೆಸರು ನೋಂದಾಯಿಸುತ್ತಿದ್ದರು, ಭೇದಿಯಾದ ಮಗುವಿಗೆ ನೀರು ಕೊಡಲು ಹಿಂಜರಿಯುತ್ತಿದ್ದರು, ಹೆರಿಗೆಗಳ ನಡುವೆ ಅಂತರವಿರಲಿಲ್ಲ, ಎಳೆಗೂಸಿಗೆ ಎದೆಹಾಲಿನ ಬದಲು ಬಾಟಲಿ ಹಿಡಿಸುವುದು ಹೆಚ್ಚುತ್ತಿತ್ತು. ಇದಕ್ಕೆ ಪರಿಹಾರವಾಗಿ 1990ರ ದಶಕದ ಆರಂಭದಲ್ಲಿ ಆರೋಗ್ಯ ಸಚಿವಾಲಯವು ಯುನಿಸೆಫ್ ನೆರವಿನೊಂದಿಗೆ ಸಮುದಾಯ ಬೆಂಬಲ ಗುಂಪುಗಳನ್ನು ಬೆಳೆಸಿತು. ಇವುಗಳ ಸದಸ್ಯೆಯರು ಅದೇ ಹಳ್ಳಿಯ ಹೆಂಗಸರು. ಆರೋಗ್ಯ ಕೇಂದ್ರದಲ್ಲಿ ಅವರಿಗೆ ತರಬೇತಿ ಕೊಡುತ್ತಿದ್ದರು, ಸಂಬಳವಿರಲಿಲ್ಲ.

ಸ್ವಯಂಸೇವಕಿಗೆ ಸುತ್ತಲಿನ ಕೆಲವು ಮನೆಗಳ ಹೊಣೆ. ಯಾರಿಗೆ ತಿಂಗಳು ನಿಂತಿದೆ, ಯಾವ ಮಗುವಿನ ಲಸಿಕೆ ತಪ್ಪಿದೆ, ಯಾವ ಕೂಸಿನ ತೂಕ ಏರುತ್ತಿಲ್ಲ ಎಂದು ಆಕೆ ನೋಡಿಕೊಳ್ಳಬೇಕು. ಕಾಫಿ, ಖರ್ಜೂರದ ನಡುವಿನ ಮಾತುಕತೆಯಲ್ಲೇ ಓ.ಆರ್.ಎಸ್. ಕಲಸುವ ಕ್ರಮ, ಎದೆಹಾಲಿನ ಮಹತ್ವ, ಗರ್ಭಿಣಿಯ ಅಪಾಯದ ಲಕ್ಷಣಗಳನ್ನು ಆಕೆ ತಿಳಿಸುತ್ತಿದ್ದಳು. ಅತ್ತೆಯನ್ನು ಒಪ್ಪಿಸದೆ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯಲಾಗದ ಮನೆಗಳಲ್ಲಿ ಹೊರಗಿನ ನೌಕರಳಿಗಿಂತ ಪರಿಚಯದ ನೆರೆಯವಳ ಮಾತಿಗೆ ಬೆಲೆ ಹೆಚ್ಚು.

1994ರಲ್ಲಿ ಆರಂಭವಾದ ಹೆರಿಗೆ ಅಂತರ ಕಾರ್ಯಕ್ರಮದಲ್ಲೂ ಈ ಗುಂಪುಗಳು ಕೈಜೋಡಿಸಿದವು. ಸರ್ಕಾರ ಮಕ್ಕಳ ಸಂಖ್ಯೆಗೆ ಮಿತಿ ಹಾಕಲಿಲ್ಲ. ತಾಯಿಯ ಆರೋಗ್ಯಕ್ಕಾಗಿ ಎರಡು ಹೆರಿಗೆಗಳ ನಡುವೆ ಬಿಡುವಿರಲಿ ಎಂದಿತು. ಎರಡು ವರ್ಷ ಮೊಲೆಯೂಡುವ ಧಾರ್ಮಿಕ ಸಂಪ್ರದಾಯಕ್ಕೂ ಇದು ಹೊಂದಿಕೊಂಡಿತು. 1980ರ ದಶಕದಲ್ಲಿ ಒಬ್ಬ ತಾಯಿಗೆ ಸರಾಸರಿ ಏಳೆಂಟು ಮಕ್ಕಳಿದ್ದದ್ದು ಮುಂದಿನ ಎರಡು ದಶಕಗಳಲ್ಲಿ ಅರ್ಧಕ್ಕಿಂತ ಕಡಿಮೆಯಾಯಿತು. ಹೆಣ್ಣುಮಕ್ಕಳ ಓದು ಹೆಚ್ಚಿದ್ದು, ಮದುವೆಯ ವಯಸ್ಸು ಏರಿದ್ದು ಇದರ ಇತರ ಕಾರಣಗಳು.

ಕರ್ನಾಟಕದ ವ್ಯವಸ್ಥೆಯೊಂದಿಗೆ ಹೋಲಿಸಿದರೆ ಸಾಮ್ಯವೂ ವ್ಯತ್ಯಾಸವೂ ಕಾಣುತ್ತವೆ. 1975ರಲ್ಲಿ ಆರಂಭವಾದ ಅಂಗನವಾಡಿಯ ಕಾರ್ಯಕರ್ತೆಗೆ ಗೌರವಧನವಿದೆ. 2005ರಲ್ಲಿ ಬಂದ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಗೆ ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನವಿದೆ. ಒಮಾನಿನ ಸ್ವಯಂಸೇವಕಿ ಈ ಅರ್ಥದಲ್ಲಿ ನೌಕರಳಲ್ಲ. ಹತ್ತಿರದಲ್ಲೇ ಸುಸಜ್ಜಿತ ಆರೋಗ್ಯ ಕೇಂದ್ರವಿರುವುದರಿಂದ ಆಕೆಯ ಹೊರೆ ಹಗುರ. ಆದರೆ ಮದುವೆ, ಓದು, ಉದ್ಯೋಗದ ಕಾರಣಕ್ಕೆ ಯುವತಿಯರು ಬಿಟ್ಟುಹೋದರೆ ಅವರ ಜಾಗ ತುಂಬುವುದು ಸಂಬಳವಿಲ್ಲದ ವ್ಯವಸ್ಥೆಯಲ್ಲಿ ಸುಲಭವಲ್ಲ.

ಈ ಎಲ್ಲ ಪ್ರಯತ್ನಗಳ ಫಲ ಅಂಕಿಗಳಲ್ಲಿ ಕಾಣುತ್ತದೆ. ಶಿಶುಮರಣ 2000ದ ಹೊತ್ತಿಗೆ ಸಾವಿರಕ್ಕೆ 17ರ ಸುಮಾರಿಗೆ ಇಳಿದಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಒಮಾನಿನ ಆರೋಗ್ಯ ವ್ಯವಸ್ಥೆಗೆ ಜಗತ್ತಿನಲ್ಲಿ ಎಂಟನೆಯ ಸ್ಥಾನ ಕೊಟ್ಟಿತು. 2010ರ ಮಾನವ ಅಭಿವೃದ್ಧಿ ವರದಿಯಲ್ಲಿ, 1970ರಿಂದೀಚೆಗೆ ಅತಿ ಹೆಚ್ಚು ಮುನ್ನಡೆದ ದೇಶವೆಂದು ಒಮಾನ್ ಮೊದಲ ಸ್ಥಾನ ಪಡೆಯಿತು. 2012ರಲ್ಲಿ ಟ್ರಕೋಮಾ ನಿರ್ಮೂಲನೆಯ ಮನ್ನಣೆ ಬಂತು. 2022ರಲ್ಲಿ ತಾಯಿಯಿಂದ ಮಗುವಿಗೆ ಎಚ್.ಐ.ವಿ. ಮತ್ತು ಸಿಫಿಲಿಸ್ ಹರಡುವುದನ್ನು ತಡೆದದ್ದಕ್ಕೂ ಮನ್ನಣೆ ಸಿಕ್ಕಿತು. ಇಂದು ಬಹುತೇಕ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತವೆ. ಹಳೆಯ ರೋಗಗಳ ಜಾಗಕ್ಕೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ, ಬೊಜ್ಜು, ವಂಶಪಾರಂಪರ್ಯವಾಗಿ ಬರುವ ಕುಡಗೋಲು ಕಣ ರಕ್ತಹೀನತೆ, ಥಲಸೀಮಿಯ ಗಮನಕ್ಕೆ ಬಂದಿವೆ. ರಕ್ತಸಂಬಂಧದ ಮದುವೆ ಹೆಚ್ಚಿರುವ ಸಮಾಜದಲ್ಲಿ ಮದುವೆಗೆ ಮುಂಚಿನ ರಕ್ತಪರೀಕ್ಷೆಯ ಮಹತ್ವವನ್ನು ಕುಟುಂಬಗಳಿಗೆ ಮನವರಿಕೆ ಮಾಡಿಸುವುದು ಆರೋಗ್ಯ ಸಿಬ್ಬಂದಿಯ ಮುಂದಿರುವ ಹೊಸ ಕೆಲಸ. ಮನೆಮನೆಯ ಪರಿಚಯವಿರುವ ಹೆಂಗಸರ ನೆರವು ಅದಕ್ಕೂ ಬೇಕಾಗುತ್ತದೆ.