ಮಳೆಗಿಂತ ಮೊದಲು ಬರುವ ಗಾಳಿ: ನಾಲತವಾಡ ಹೋಬಳಿಯಲ್ಲಿ ಬಿರುಗಾಳಿಯ ಮುನ್ನೆಚ್ಚರಿಕೆ

ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಆಕಾಶ ಕಪ್ಪಾದರೂ ಹನಿ ಬೀಳುವವರೆಗೆ ಕೆಲಸ ಬಿಡದಿರುವುದು ಹೊಲದ ರೂಢಿ. ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದಂಥ ಬಯಲುನಾಡಿನಲ್ಲಿ ಈ ರೂಢಿಯೇ ಅಪಾಯಕಾರಿ ಎಂಬುದು ಈ ಲೇಖನದ ವಾದ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದ ಎರೆನೆಲದ ಮೇಲಿನ ಗಾಳಿ ಒಣಗಿರುತ್ತದೆ. ಮೋಡದಿಂದ ಇಳಿಯುವ ಹನಿಗಳಲ್ಲಿ ಒಂದಷ್ಟು ದಾರಿಯಲ್ಲೇ ಆವಿಯಾಗಿ ಸುತ್ತಲಿನ ಶಾಖವನ್ನು ಹೀರುತ್ತವೆ. ತಣಿದು ಭಾರವಾದ ಗಾಳಿ ರಭಸದಿಂದ ಕೆಳಗಿಳಿದು, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಅದು ಮೋಡಕ್ಕಿಂತ ಹಲವು ಕಿಲೋಮೀಟರ್ ಮುಂದೆ ಓಡುವುದರಿಂದ ಹನಿಯೇ ಬೀಳದ ಊರಿಗೂ ಬಡಿಯಬಲ್ಲದು. ಬೆಳೆ ಇಲ್ಲದ ಹೊಲಗಳಿಂದ ಏಳುವ ಧೂಳಿನ ಗೋಡೆ, ಸೆಕೆಯ ನಡುವೆ ಒಮ್ಮೆಲೇ ಮೈಗೆ ತಾಗುವ ತಂಪು: ಇವು ಕಂಡಾಗ ಉಳಿದಿರುವುದು ಕೆಲವೇ ನಿಮಿಷ.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರಿಗೆ ಸುಮಾರು 17 ಕಿಲೋ ಭಾರದಷ್ಟು ಒತ್ತುತ್ತದೆ. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಪತ್ರಾಸಿಗೆ (ಚಾವಣಿಯ ತಗಡಿಗೆ) ಇದು 45 ಕಿಲೋ ಮೀರುತ್ತದೆ. ಪಕ್ಕ ತೆರೆದ ದನದ ಶೆಡ್ಡಿನಲ್ಲಿ ಗಾಳಿ ಒಳನುಗ್ಗಿ ಕೆಳಗಿನಿಂದ ಎತ್ತಿದರೆ, ಮೇಲೆ ಹೇರಿದ ಕಲ್ಲುಗಳು ಪತ್ರಾಸನ್ನು ಹಿಡಿಯಲಾರವು. ಉರುಳಿ ಕೆಳಗಿದ್ದವರ ಮೇಲೇ ಬೀಳುತ್ತವೆ. ಕಲ್ಲಿನ ಬದಲು ಕೊಕ್ಕೆ ಬೋಲ್ಟು ಬಿಗಿಯುವುದು ಬೇಸಿಗೆಗೆ ಮುಂಚಿನ ಕೆಲಸ.

ಭಾರತೀಯ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಜಿಲ್ಲೆಗೆ ಒಟ್ಟಾಗಿ ಬರುತ್ತವೆ. ವಿಜಯಪುರ ಜಿಲ್ಲೆಗೆ ಬೆಳಿಗ್ಗೆ ಬಂದ ಬಣ್ಣ ಇಂಡಿ ತಾಲ್ಲೂಕಿನ ಲಿಂಬೆ ತೋಟಕ್ಕೂ ನಾಲತವಾಡದ ಹೊಲಕ್ಕೂ ಒಂದೇ. ಹೊಲದಲ್ಲಿರುವವರಿಗೆ ಹೆಚ್ಚು ಉಪಯುಕ್ತವಾದದ್ದು ಇಲಾಖೆಯದೇ ಮುಂದಿನ ಮೂರು ಗಂಟೆಗಳ ಮುನ್ಸೂಚನೆ. ಸಿಡಿಲಿನ ಸುಳಿವು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್‌ನಲ್ಲಿ ಸಿಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ಕ್ಕೆ (92433 45433) ಫೋನ್ ಮಾಡಿಯೂ ಕೇಳಬಹುದು.

ಆದರೆ ‘ಗಂಟೆಗೆ 50ರಿಂದ 60 ಕಿ.ಮೀ.’ ಎಂಬ ಮುನ್ಸೂಚನೆಯ ಸಾಲು ಕುರಿ ಮೇಯಿಸುವವರಿಗೆ ಏನು ಮಾಡಬೇಕೆಂದು ತಿಳಿಸುವುದಿಲ್ಲ. ಸಂದೇಶ ನೇರವಾಗಿರಲಿ: ಬೇವಿನ ಮರ, ಪತ್ರಾಸ್ ಶೆಡ್ಡು, ಹೋರ್ಡಿಂಗಿನ ಕೆಳಗೆ ನಿಲ್ಲಬೇಡಿ, ಆರ್‌ಸಿಸಿ ಮನೆಯೊಳಗೆ ಬಾಗಿಲು, ಕಿಟಕಿಯಿಂದ ದೂರವಿರಿ, ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಹೊರಬರಬೇಡಿ, ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ಹೆಸ್ಕಾಂನ 1912ಕ್ಕೆ ತಿಳಿಸಿ. ಕರೆಂಟು ಹೋದ ಸಂಜೆ ಇದನ್ನು ಸಾರಲು ಪಟ್ಟಣ ಪಂಚಾಯಿತಿಯ ಕಸದ ಗಾಡಿಗಳ ಧ್ವನಿವರ್ಧಕವನ್ನೇ ಬಳಸಬಹುದು. ಅದಕ್ಕೆ ಬ್ಯಾಟರಿ ಸಾಕು, ಗಾಳಿ ಬರುವ ಮೊದಲೇ ಓಣಿ ಓಣಿ ಸುತ್ತಿ ಬರಬೇಕು.